ಹನ್ನೊಂದನೆಯ ಪ್ರಶ್ನೆ

ಎಂಟೂವರೆಗೆ ಆಪರೇಷನ್. ಏಳೂವರೆಗೆ ಕೊನೆಯ ಬಾರಿ ರೋಗಿಯ ಫೈಲು ತಿರುವುವಾಗ ಅವಳು ಒಂದು ಹಾಳೆಯಲ್ಲಿ ತಡೆದಳು. ಹನ್ನೊಂದನೆಯ ಪ್ರಶ್ನೆಯ ಮುಂದೆ ‘ಇಲ್ಲ’ ಎಂಬಲ್ಲಿ ಟಿಕ್ ಬಿದ್ದಿತ್ತು. ಗುರುತು ಅವಳದೇ. ಆದರೆ ಪ್ರಶ್ನೆ ಕೇಳಿದ ನೆನಪು, ಎಷ್ಟು ತಲೆ ಕೆರೆದುಕೊಂಡರೂ ಬರಲಿಲ್ಲ. ಬರುವುದಾದರೂ ಹೇಗೆ? ಕೇಳಿದ್ದರೆ ತಾನೆ.

ಹೆಂಗಸರ ಗರ್ಭಕೋಶ, ಮೂತ್ರಕೋಶಗಳು ಜಾರಿ ಕೆಳಗಿಳಿಯುವ ತೊಂದರೆಗೆ ಶಸ್ತ್ರಚಿಕಿತ್ಸೆ ಮಾಡುವುದನ್ನು ಕಲಿಯಲು ಅವಳು ಈ ಆಸ್ಪತ್ರೆಗೆ ಸೇರಿ ಹದಿನಾಲ್ಕು ತಿಂಗಳಾಗಿತ್ತು. ಹೆಸರಿಗೆ ಫೆಲೋಶಿಪ್. ಹತ್ತು ವರ್ಷ ಡಾಕ್ಟರಾಗಿ ದುಡಿದು, ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಮತ್ತೆ ಕೈಕಟ್ಟಿ ನಿಂತು ಕಲಿಯುವ ಕೆಲಸ. ಇಷ್ಟು ದಿನವೂ ದೊಡ್ಡ ಡಾಕ್ಟರ ಪಕ್ಕದಲ್ಲಿ ಕೊಕ್ಕೆ ಹಿಡಿದು ಗಾಯದ ಬಾಯಿ ಅಗಲಿಸಿಕೊಂಡು ನಿಂತದ್ದೇ ಬಂತು. ನಿನ್ನೆ ದೊಡ್ಡ ಡಾಕ್ಟರಮ್ಮ ಕನ್ನಡಕ ಒರೆಸಿಕೊಳ್ಳುತ್ತ, ಚಹಾ ತರಲು ಹೇಳಿದಷ್ಟೇ ಸಲೀಸಾಗಿ, “ನಾಳೆ ಟೈಲರಮ್ಮಂದು ನೀನೇ ಮಾಡು. ನಾನು ಪಕ್ಕದಲ್ಲಿ ನಿಂತಿರ್ತೀನಿ,” ಎಂದಿದ್ದರು. ಆ ಸುದ್ದಿಯನ್ನು ಯಾರಿಗಾದರೂ ಹೇಳದೆ ಅವಳಿಂದ ಇರಲಾಗಲಿಲ್ಲ. ಯಾರೂ ಸಿಗದೆ ಕೊನೆಗೆ ಕ್ವಾರ್ಟರ್ಸಿನ ಕಾವಲುಗಾರನಿಗೆ ಹೇಳಿದಳು. ಅವನು “ಒಳ್ಳೇದಾಗ್ಲಿ ಮೇಡಂ” ಎಂದು ಗೇಟು ಹಾಕಿಕೊಂಡ.

ಟೈಲರಮ್ಮನಿಗೆ ಎಪ್ಪತ್ತೊಂದು. ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಹೊಲಿದು ಬೆನ್ನು ಬಾಗಿದ ಹೆಂಗಸು. ಗಂಡ ಹೋಗಿ ಹದಿನೆಂಟು ವರ್ಷ. ಗರ್ಭಕೋಶ ಜಾರಿ ಹೊರಗೇ ಬಂದುಬಿಟ್ಟಿತ್ತು. ಇದಕ್ಕೆ ಎರಡು ದಾರಿ. ಮೇಲೆತ್ತಿ ಕಟ್ಟಿ ನಿಲ್ಲಿಸುವುದು ಒಂದು. ಅದು ಹೊತ್ತು ಹಿಡಿಯುವ, ಪಳಗಿದ ಕೈ ಬೇಡುವ ಕೆಲಸ. ಎಲ್ಲವನ್ನೂ ಒಳಕ್ಕೆ ತಳ್ಳಿ ಯೋನಿಯನ್ನೇ ಹೊಲಿದು ಮುಚ್ಚಿಬಿಡುವುದು ಇನ್ನೊಂದು. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮತ್ತೆ ಜಾರುವ ಭಯ ಕಡಿಮೆ, ಮತ್ತೆ ಬಿಚ್ಚುವ ಮಾತೂ ಇಲ್ಲ. ಅದಕ್ಕೇ ಆ ಹನ್ನೊಂದನೆಯ ಪ್ರಶ್ನೆ: ಮುಂದೆ ದೈಹಿಕ ಸಂಬಂಧದ ಇಚ್ಛೆ ಇದೆಯೇ? ಹೊರಗೆ ಅರವತ್ತು ಜನ ಸರದಿಯಲ್ಲಿ ಕೂತಿದ್ದ ಆ ದಿನ ಅವಳು ವಯಸ್ಸು ನೋಡಿದಳು, ‘ವಿಧವೆ’ ಎಂಬುದನ್ನು ನೋಡಿದಳು, ಟಿಕ್ ಹಾಕಿದಳು. ಮುಚ್ಚುವ ಆಪರೇಷನ್ನೇ ಗೊತ್ತಾಯಿತು. ಕೇಳಿದರೆ ಪಾಪ ಅಜ್ಜಿಗೆ ಮುಜುಗರ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡದ್ದು ಈಗ ನೆನಪಿಗೆ ಬಂತು. ಮುಜುಗರ ಯಾರದಾಗಿತ್ತೋ.

ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಟೈಲರಮ್ಮನ ಸಹಿಯೂ ಆಗಿದೆ. ಕೇಳಿದರೆ, ಹದಿನಾಲ್ಕು ತಿಂಗಳು ಕಾದು ಸಿಕ್ಕಿದ ಆಪರೇಷನ್ ಕೈತಪ್ಪಬಹುದು. ಅವಳು ಫೈಲು ಮುಚ್ಚಿ ಎರಡು ಹೆಜ್ಜೆ ಆಪರೇಷನ್ ಕೋಣೆಯ ಕಡೆಗೇ ನಡೆದಳು. ಆಮೇಲೆ ತನ್ನನ್ನೇ ಬೈದುಕೊಂಡು ವಾರ್ಡಿಗೆ ತಿರುಗಿದಳು.

ಟೈಲರಮ್ಮ ಮಂಚದ ಮೇಲೆ ಕೂತು ಆಸ್ಪತ್ರೆಯ ಗೌನಿನ ಹೊಲಿಗೆಯನ್ನು ಉಗುರಿನಲ್ಲಿ ಕೆದಕಿ ನೋಡುತ್ತಿದ್ದರು.

“ಇದನ್ನ ಹೊಲಿದೋನಿಗೆ ಸಂಬಳ ಬೇರೆ ಕೊಟ್ಟಿರ್ತೀರಿ,” ಎಂದರು.

“ಅಮ್ಮಾ, ಒಂದು ಮಾತು ಕೇಳೋದಿತ್ತು.” ಅವಳು ಪರದೆ ಎಳೆದಳು. ಕೇಳಬೇಕಾದ ವಿಷಯಕ್ಕೆ ಬೈಯುವವರ ಬಾಯಲ್ಲೊಂದು ಪದವಿದೆ, ಪುಸ್ತಕದಲ್ಲೊಂದಿದೆ. ನಡುವೆ, ತಾಯಿಯ ವಯಸ್ಸಿನವರ ಹತ್ತಿರ ಆಡುವಂಥದು ಒಂದೂ ಸಿಗಲಿಲ್ಲ. “ನಿಮಗೆ ಜೊತೆಗೆ ಯಾರಾದ್ರೂ… ಅಂದ್ರೆ, ಮಲಗೋದು ಗಿಲಗೋದು… ಇನ್ನು ಮುಂದೆ ಅದೆಲ್ಲ ಬೇಕು ಅಂತ ಇದ್ಯಾ?”

ಟೈಲರಮ್ಮ ಗೌನು ಬಿಟ್ಟು ಅವಳ ಮುಖವನ್ನೇ ನೋಡಿದರು. “ಅದಕ್ಕೇ ಅಲ್ವಾ ಬಂದಿರೋದು?”

ಅವಳು ಕೈಲಿದ್ದ ಫೈಲನ್ನು ಎದೆಗವಚಿಕೊಂಡಳು.

“ಒಬ್ರಿದಾರೆ. ಬಸ್ ಓಡಿಸ್ತಿದ್ರು, ಈಗ ರಿಟೈರಾಗಿದಾರೆ. ಇದು ಶುರುವಾದ ಮೇಲೆ ನಾನೇ ಮನೆ ಕಡೆ ಬರ್ಬೇಡಿ ಅಂದೆ. ಯಾಕೆ ಅಂತ ಹೇಳೋಕಾಗುತ್ತಾ? ನನಗೇನೋ ಸಿಟ್ಟು ಅಂದ್ಕೊಂಡು ಒಂದು ತಿಂಗಳು ಒದ್ದಾಡಿದ್ರು. ಆಮೇಲೆ ಹೇಳ್ದೆ. ಸರಿ ಮಾಡಿಸ್ಕೊಂಡು ಬರ್ತೀನಿ ಇರಿ ಅಂತ.”

ಅವಳು ಮಂಚದ ಅಂಚಿನಲ್ಲಿ ಕೂತು, ಇವತ್ತು ಏನು ಮಾಡುವುದಿತ್ತು ಎಂಬುದನ್ನು ಮೊದಲ ಸಲ ಬಿಡಿಸಿ ಹೇಳಿದಳು. ಟೈಲರಮ್ಮ ಗೌನಿನ ಅಂಚನ್ನು ಮಡಿಚಿ ನೀವಿದರು.

“ಹೊಲೀತೀವಿ ಅಂದ್ರಿ ಆವತ್ತು. ಹರಿದಿದ್ದನ್ನ ಹೊಲಿಯೋದು ಅಂದ್ಕೊಂಡೆ. ಜೇಬಿನ ಬಾಯಿ ಮುಚ್ಚಿ ಹೊಲಿಯೋದು ಅಂತ ನನಗೇನು ಗೊತ್ತು?”

“ತಪ್ಪು ನಂದೇ ಅಮ್ಮ. ಕೇಳದೇ ಬರೆದುಬಿಟ್ಟೆ.”

ದೊಡ್ಡ ಡಾಕ್ಟರು ನಲ್ಲಿಯ ಕೆಳಗೆ ಮೊಣಕೈವರೆಗೆ ಸೋಪು ಹಚ್ಚಿಕೊಂಡು ನಿಂತಿದ್ದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ತಲೆಯೆತ್ತಲಿಲ್ಲ.

“ಹಾಗಾದ್ರೆ ಮೇಲೆತ್ತಿ ಕಟ್ಟಬೇಕು. ಎರಡು ವಾರ ಹೋಗ್ಲಿ. ಅದನ್ನ ನಾನೇ ಮಾಡ್ಬೇಕಾಗುತ್ತೆ.” ಮೊಣಕೈಯಿಂದ ನಲ್ಲಿ ನಿಲ್ಲಿಸಿದರು. “ನಿನ್ನ ಕೈಗೆ ಯಾವಾಗ ಕೊಡೋದು ಅಂತ ಆಮೇಲೆ ನೋಡೋಣ.”

ಬೈದಿದ್ದರೆ ಚೆನ್ನಾಗಿತ್ತು. ಕಾರಿಡಾರಿನಲ್ಲಿ ನಡೆಯುವಾಗ ಕಣ್ಣು ಮಂಜಾಯಿತು, ಆದರೆ ಅದು ತಪ್ಪಿಹೋದ ಆಪರೇಷನ್ನಿಗೆ ಮಾತ್ರವಲ್ಲ. ಎಪ್ಪತ್ತೊಂದರ ಹೆಂಗಸಿಗೆ ‘ಇಲ್ಲ’ ಎಂದು ಬರೆಯುವಾಗ ತನ್ನ ಕೈ ಒಂದು ಕ್ಷಣವೂ ತಡೆದಿರಲಿಲ್ಲವಲ್ಲ, ಯಾಕೆ? ಡೈವೋರ್ಸಾಗಿ ನಾಲ್ಕು ವರ್ಷ. ತನಗೂ ಅವಳು ಅದೇ ಉತ್ತರ ಬರೆದುಕೊಂಡು, ಮತ್ತೆ ತೆಗೆದು ನೋಡಿರಲಿಲ್ಲ.

ವಾರ್ಡಿನಲ್ಲಿ ಟೈಲರಮ್ಮ ಅವಳನ್ನೇ ಕಾಯುತ್ತಿದ್ದರು. “ನನ್ನ ಫೋನು ಲಾಕರಲ್ಲಿದೆ. ನಂಬರು ಬಾಯಲ್ಲೇ ಇದೆ, ಒಂದು ಫೋನ್ ಹಾಕಿ ಇನ್ನೆರಡು ವಾರ ಅನ್ನಿ ಅವರಿಗೆ. ನಾನೇ ಹೇಳೋಕೆ ಹೋದ್ರೆ ಅಳು ಬರುತ್ತೆ.”

ಅವಳು ಕಾರಿಡಾರಿನ ಕಿಟಕಿಯ ಹತ್ತಿರ ಹೋಗಿ ತನ್ನ ಫೋನಿನಲ್ಲಿ ಆ ನಂಬರು ಒತ್ತಿದಳು. ಮೊದಲ ರಿಂಗು ಮುಗಿಯುವುದರೊಳಗೆ ಎತ್ತಿದರು.

“ಹಲೋ, ನಾನು ಆಸ್ಪತ್ರೆಯಿಂದ, ಡಾಕ್ಟ್ರು…”

“ಹೇಗಿದಾರೆ?”

“ಚೆನ್ನಾಗಿದಾರೆ. ಆಪರೇಷನ್ ಎರಡು ವಾರ ಮುಂದಕ್ಕೆ ಹೋಗಿದೆ, ಅಷ್ಟೆ. ಅವರಿಗೇನೂ ಆಗಿಲ್ಲ.”

ಅತ್ತ ಕಡೆ ಒಂದು ದೀರ್ಘ ಉಸಿರು. “ಮೇಲಕ್ಕೆ ಬರಬಹುದಾ ಮೇಡಂ? ಯಾರಾದ್ರೂ ನೋಡ್ತಾರೆ, ಬರ್ಬೇಡಿ ಅಂದಿದ್ರು. ಆರು ಗಂಟೆಯಿಂದ ಎದುರಿನ ಬಸ್ ಸ್ಟಾಪಲ್ಲೇ ಕೂತಿದೀನಿ.”

ಅವಳು ಕೆಳಗೆ ನೋಡಿದಳು. ಇಸ್ತ್ರಿ ಮಾಡಿದ ಅಂಗಿಯ ಮುದುಕರೊಬ್ಬರು ಬೆಂಚಿನಿಂದ ಎದ್ದು ನಿಂತಿದ್ದರು. “ಬನ್ನಿ,” ಎಂದಳು. “ಎರಡನೇ ಮಹಡಿ, ಎಡಕ್ಕೆ.”

ಅವರು ಕಟ್ ಮಾಡುವುದನ್ನು ಮರೆತು ಫೋನನ್ನು ಜೇಬಿಗೆ ಹಾಕಿಕೊಂಡಿರಬೇಕು. ಹಾರನ್ನುಗಳು, ಅಂಗಿಯ ಸರಸರ, ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ, ಏದುಸಿರು ಎಲ್ಲವೂ ಅವಳ ಕಿವಿಗೆ ಬರುತ್ತಿತ್ತು. ಅವರು ಅವಳನ್ನು ದಾಟಿಕೊಂಡೇ ಹೋದರು, ನೋಡಲಿಲ್ಲ. ಫೋನಿನಲ್ಲಿ ಪರದೆ ಸರಿದ ಸದ್ದಾಯಿತು.

“ಬರ್ಬೇಡಿ ಅಂದಿರ್ಲಿಲ್ವಾ?”

“ಅಂದಿದ್ರಿ.”

“ತಿಂಡಿ ತಿಂದ್ರಾ?”

“ಇನ್ನೂ ಇಲ್ಲ.”

ಕಟ್ ಮಾಡಬೇಕಿತ್ತು. ಅದು ಅವಳಿಗೂ ಗೊತ್ತಿತ್ತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.