ಕೈ ಕಟ್ಟಿಕೊಂಡು ಟೇಕಲ್‌ವರೆಗೆ

"ನೀರು ಹೊರೋಕೆ ಬಂದಿದೀಯ, ನೀರು ಹೊತ್ಕೊಂಡು ಹೋಗು. ಎಂಟನೇ ಕ್ಲಾಸು ದಾಟದೋನು ನನ್ನ ಅಳಿಯ ಆಗ್ತೀನಿ ಅಂತ ಕನಸು ಕಾಣ್ಬೇಡ. ಸೈಕಲ್ ಹಿಂದೆ ನಾಯೀನೂ ಓಡುತ್ತೆ ಕಣೋ. ಅದಕ್ಕೆ ಯಾರಾದ್ರೂ ಹೆಣ್ಣು ಕೊಡ್ತಾರಾ?"

ಹೇಳಿದವರು ನಮ್ಮ ಸೋದರಮಾವ ಕೋದಂಡರಾಮಪ್ಪ, ಹೈಸ್ಕೂಲು ಮೇಷ್ಟ್ರು. ಹೇಳಿದ್ದು ಮಾಲೂರಿನ ಮೈದಾನದಲ್ಲಿ, ಬೆಳಕು ಹರಿಯುವ ಹೊತ್ತಿಗೆ. ಪಂದ್ಯಕ್ಕೆ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ ಸೈಕಲ್ ಸವಾರರು, ಅವರ ಕಡೆಯ ಜನ, ಟೀ ಮಾರೋನು, ಎಲ್ಲರೂ ತಿರುಗಿ ನೋಡಿದರು. ಮನೆಯಲ್ಲಿ ಮಾವ ಬೈಯೋದು ತೆಲುಗಲ್ಲಿ. ಅವತ್ತು ಕನ್ನಡದಲ್ಲಿ ಬೈದರು, ಬೆಂಗಳೂರಿಂದ ಬಂದವರಿಗೂ ಚೆನ್ನಾಗಿ ಅರ್ಥವಾಗಲಿ ಅಂತ.

ನನ್ನ ಕೈಯಲ್ಲಿ ಇಪ್ಪತ್ತು ಲೀಟರಿನ ಕ್ಯಾನಿತ್ತು. ಅದನ್ನು ಎತ್ತಿ ಅವರ ಇಸ್ತ್ರಿ ಮಾಡಿದ ಅಂಗಿ ಮೇಲೆ ಸುರಿದುಬಿಡಬೇಕು ಅನ್ನಿಸಿತು. ಪಕ್ಕದಲ್ಲಿದ್ದ ಗೆಳೆಯ ಗೋಪಿ ನನ್ನ ಮೊಣಕೈ ಹಿಡಿದುಕೊಂಡ.

"ಬೇಡ್ಲಾ ಮುನಿ. ಅವಳ ಮುಖ ನೋಡು."

ಸಹನ ಸೈಕಲ್ ಮೇಲೆ ಒಂದು ಕಾಲಿಟ್ಟುಕೊಂಡು ನಿಂತಿದ್ದಳು. ಮಾವನ ಒಬ್ಬಳೇ ಮಗಳು. ಅಪ್ಪನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ತುಟಿ ಅಲ್ಲಾಡಿಸಿದಳು ಅಷ್ಟೇ. "ಬಾವ, ಬಿಡು."

ಬಿಟ್ಟೆ.

ನಮ್ಮ ಕಡೆ ಸೋದರಮಾವನ ಮಗಳು ಅಂದರೆ ಕೇಳೋದೇ ಬೇಡ, ತೊಟ್ಟಿಲಲ್ಲಿರುವಾಗಲೇ "ಇಗೋ ನೋಡ್ಕೋ, ನಿನ್ ಹೆಂಡ್ತಿ" ಅಂದು ನನ್ನ ತೊಡೆ ಮೇಲೆ ಮಲಗಿಸಿದ್ದರಂತೆ. ಬೇಸಿಗೆ ರಜಕ್ಕೆ ತಾಯಲೂರಿಗೆ ನಮ್ಮನೆಗೆ ಬರೋಳು. ನೀರಿಲ್ಲದ ಕೆರೆ ಅಂಗಳದಲ್ಲಿ ನಮ್ಮಪ್ಪನ ಅಟ್ಲಾಸ್ ಸೈಕಲ್ ಮೇಲೆ ಅವಳನ್ನು ಕೂರಿಸಿ ಹಿಂದೆ ಸೀಟು ಹಿಡಿದುಕೊಂಡು ಓಡಿದ್ದು ನಾನು. ಒಂದು ಸಲ ಶಾಲೆಯ ಹುಡುಗಿಯರನ್ನು ನೋಡಿ ನನ್ನನ್ನು "ಮುನಿ ಅಣ್ಣ" ಅಂದುಬಿಟ್ಟಳು. ನಮ್ಮಮ್ಮ ಅಶ್ವತ್ಥಮ್ಮ ರಾಗಿ ಕೇರುತ್ತಿದ್ದವಳು ಮೊರ ಬಿಟ್ಟು ಎದ್ದು ಬಂದು ಅವಳ ಬಾಯಿ ಮೇಲೆ ಎರಡು ಬೆರಳಿಂದ ತಟ್ಟಿದಳು. "ಕಟ್ಕೊಳ್ಳೋ ವರಸೆಯವನ್ನ ಅಣ್ಣ ಅಂತಾರೇನೇ? ಒಂದ್ಸಲ ಅಂದ್ರೆ ವರಸೆ ಕೆಟ್ಟೋಯ್ತದೆ. ಬಾವ ಅನ್ನು."

ಅವತ್ತಿಂದ ಬಾವ.

ಆಮೇಲೆ ಅವಳು ಓದಿದಳು, ಆಟದ ಮೇಡಂ ಆದಳು. ನಾನು ಎಂಟಕ್ಕೆ ಬಿಟ್ಟೆ. ಈಗ ಪಿಕಪ್ ಓಡಿಸ್ತೀನಿ, ತೋಟಗಳಿಂದ ಕೋಲಾರದ ಮಂಡಿಗೆ ಟೊಮೇಟೊ. ಮಾವನಿಗೆ ಚಿಂತಾಮಣಿಯ ಒಬ್ಬ ಲೆಕ್ಚರರ್ ಕಣ್ಣಿಗೆ ಬಿದ್ದಿದ್ದ. ಸಹನ ಆಗಲ್ಲ ಅಂದಳು. ಮನೆಯಲ್ಲಿ ಊಟ ಬಿಟ್ಟಳು. ಕೊನೆಗೆ ಮಾವ ಒಂದು ಮಾತು ಆಡಿದರು. "ಅದೇನೋ ಕಲ್ಲು ಮಣ್ಣಲ್ಲಿ ಎರಡು ದಿನ ಸೈಕಲ್ ಓಡಿಸೋ ಪಂದ್ಯ ಅಂತೀಯಲ್ಲ. ಅದನ್ನ ಮುಗಿಸು. ಮುಗಿಸಿದ್ರೆ ಮದ್ವೆ ವಿಷಯ ನಿನ್ ಮಾತು. ಮಧ್ಯ ಬಿಟ್ರೆ ನನ್ ಮಾತು, ಸೈಕಲ್ ಮಾರ್ಬಿಡ್ತೀನಿ." ಅವಳು ಮುಗಿಸೋದಿಲ್ಲ ಅಂತ ಅವರಿಗೆ ಅಷ್ಟು ಧೈರ್ಯ.

ಅವತ್ತು ಸಂಜೆ ಅವಳು ಫೋನು ಮಾಡಿದಳು. "ಬಾವ, ನೀನು ಹಿಂದೆ ಇದ್ರೆ ಮುಗಿಸ್ತೀನಿ. ಮುಗಿಸಿದ ಜಾಗದಲ್ಲೇ ನಿನ್ ಹೆಸ್ರು ಹೇಳ್ತೀನಿ." ಈ ಮಾತಿನ ಮೇಲೆ ನಾನು ಒಂದು ವರ್ಷ ಬದುಕಿದೆ. ಮಂಡಿ ಕೆಲಸ ಮುಗಿದ ಮೇಲೆ ಖಾಲಿ ಪಿಕಪ್ಪಿನಲ್ಲಿ ಅವಳ ಸೈಕಲ್ ಹಾಕಿಕೊಂಡು ಬೆಟ್ಟ, ಬೀಳು, ಕೆರೆ ಏರಿ ಎಲ್ಲ ಸುತ್ತಿಸಿದೆ.

ದಾರಿ ಹೀಗಿತ್ತು. ಮಾಲೂರಿಂದ ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು, ಅಲ್ಲಿಂದ ತಾಯಲೂರು, ಬಂಗಾರಪೇಟೆ, ಟೇಕಲ್ ಮೇಲೆ ತಿರುಗಿ ಮಾಲೂರು. ಡಾಂಬರು ಅಡ್ಡ ದಾಟೋದಕ್ಕೆ ಮಾತ್ರ, ಉಳಿದದ್ದೆಲ್ಲ ಮಣ್ಣು, ಕಲ್ಲು, ಗದ್ದೆ ಬದು. ಎರಡನೇ ದಿನ ಸೂರ್ಯ ಮುಳುಗೋದರೊಳಗೆ ಬರಬೇಕು. ನಮ್ಮಂಥವರು ಈ ಊರುಗಳ ಚೆಕ್‌ಪಾಯಿಂಟಿನಲ್ಲಿ ಮಾತ್ರ ಕೈ ಹಾಕಬಹುದು. ನೀರು, ಊಟ, ರಿಪೇರಿ, ಎಲ್ಲ ಅಲ್ಲೇ. ಬೇರೆ ಕಡೆ ಸವಾರರನ್ನಾಗಲಿ ಸೈಕಲನ್ನಾಗಲಿ ಮುಟ್ಟಿದರೆ ಅಲ್ಲಿಗೆ ಮುಗೀತು. ಪಂದ್ಯ ನಡೆಸುವ ಅಮರನಾಥ್ ಸಾರ್ ಬೈಕಿನಲ್ಲಿ ಹಿಂದೆ ಮುಂದೆ ಓಡಾಡಿಕೊಂಡು ಅದನ್ನೇ ನೋಡುತ್ತಿದ್ದರು.

ಕೋಲಾರದಲ್ಲಿ ಅಂತರಗಂಗೆ ಬೆಟ್ಟದ ಕೆಳಗೆ ಬಂದಾಗ ಅವಳು ನಗುತ್ತಿದ್ದಳು. ಅಮ್ಮ ಕಟ್ಟಿಕೊಟ್ಟ ಹುರಿಹಿಟ್ಟಿನ ಉಂಡೆ ಬಾಯಿಗೆ ಹಾಕಿಕೊಂಡು, "ಅತ್ತೆ ಬೆಲ್ಲ ಜಾಸ್ತಿ ಹಾಕವ್ರೆ" ಅಂದಳು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಅವಳ ಕಾಲು ತಿಕ್ಕುತ್ತಿದ್ದೆ. ತೋಪು ಕಾಯುವ ಅವ್ವ ಒಬ್ಬಳು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಎವರ್ರಾ ಈ ಪಿಲ್ಲ? ನೀಕೇಮವುತುಂದಿ?" ಈ ಹುಡುಗಿ ನಿನಗೆ ಏನಾಗಬೇಕು ಅಂತ.

ನನಗಿಂತ ಮೊದಲು ಗೋಪಿ ಹಲ್ಲು ಕಿರಿದ. "ಪೆಂಡ್ಲಾಮವ್ವಾ. ಇಂಕಾ ಕಾಲೇದು." ಹೆಂಡತಿ ಕಣವ್ವಾ, ಇನ್ನೂ ಆಗಿಲ್ಲ.

ಸಹನ ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿ ಕೆಮ್ಮಿ ಕೆಮ್ಮಿ ನಕ್ಕಳು. ಗೋಪಿಗೆ ಬಾಟಲಿಯಲ್ಲೇ ಹೊಡೆದಳು. ಆ ನಗು ನೋಡಿ ಬೆಳಿಗ್ಗೆ ಮಾವ ಅಂದದ್ದು ಎಲ್ಲ ನಾನು ಮರೆತೆ. ಪೂರ್ತಿ ಮರೆತೆ ಅಂತ ಸುಳ್ಳು ಯಾಕೆ, ಅರ್ಧ ಮರೆತೆ.

ಮಾರನೆ ದಿನ ತಾಯಲೂರಿಗೆ ಬರುವಾಗ ಅವಳು ಬೇರೆ ಯಾರೋ ಆಗಿದ್ದಳು. ಆವಣಿ ಬೆಟ್ಟದ ಕಲ್ಲುಗಳಲ್ಲಿ ಬಿದ್ದು ಅಂಗೈ ಕಿತ್ತುಹೋಗಿತ್ತು. ಗೇರು ಬಾಗಿ ಚಕ್ರದ ಕಡ್ಡಿಗೆ ಸಿಕ್ಕಿಕೊಂಡಿತ್ತು. ಕಣ್ಣು ಒಳಗೆ ಹೋಗಿತ್ತು. ಅಮ್ಮ ನಮ್ಮನೆ ಜಗಲಿಯಿಂದಲೇ ಓಡಿಬಂದು ಮೆಣಸಿನಕಾಯಿ, ಉಪ್ಪು ನಿವಾಳಿಸಿ ದೃಷ್ಟಿ ತೆಗೆದಳು. ಅಂಗೈಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದಳು. ನಾನೂ ಗೋಪಿಯೂ ಗೇರು ಬಿಚ್ಚಿ ಬಿಸಾಕಿ, ಚೈನು ತುಂಡು ಮಾಡಿ ಬಿಗಿದು, ಒಂದೇ ಗೇರಿನಲ್ಲಿ ಓಡುವ ಹಾಗೆ ಮಾಡಿದೆವು. ಅಪ್ಪನ ಅಟ್ಲಾಸ್ ಹಾಗೆ.

ಅವಳು ಕೆರೆ ಕಡೆ ನೋಡುತ್ತಾ ಕೂತಿದ್ದಳು. "ನಾವು ಸೈಕಲ್ ಕಲ್ತಿದ್ದು ಎಲ್ಲಿ ಬಾವ?"

"ಅದೋ, ಆ ಕೊಕ್ಕರೆ ಕೂತೈತಲ್ಲ, ಅಲ್ಲಿ."

ಅಲ್ಲಿ ಈಗ ನೀರು. ಬೆಂಗಳೂರಿನ ಕೊಳಚೆಯನ್ನು ಸೋಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡ್ತಾರಲ್ಲ, ಆ ನೀರು ನಮ್ಮ ಕೆರೆಗೂ ಬಂದು ಸೇರಿತ್ತು. ಅವಳು ಬಹಳ ಹೊತ್ತು ನೋಡಿದಳು. ಎದ್ದು ಸೈಕಲ್ ಹತ್ತಿದಳು.

ಬಂಗಾರಪೇಟೆ ದಾಟಿ ನೀಲಗಿರಿ ತೋಪಿನ ದಾರಿಯಲ್ಲಿ ಸುದ್ದಿ ಬಂತು, ಸಹನ ಕೂತುಬಿಟ್ಟಿದ್ದಾಳೆ ಅಂತ. ಪಿಕಪ್ಪನ್ನು ಗೋಪಿಗೆ ಬಿಟ್ಟು ನಾನು ಓಡಿದೆ. ಸೈಕಲ್ ಒಂದು ಕಡೆ, ಅವಳೊಂದು ಕಡೆ. ಒಣಗಿದ ನೀಲಗಿರಿ ಎಲೆ ಮೇಲೆ ಮೊಣಕಾಲು ತಬ್ಬಿಕೊಂಡು ಅಳುತ್ತಿದ್ದಳು. ಅಮರನಾಥ್ ಸಾರ್ ಬೈಕು ನಿಲ್ಲಿಸಿ ದೂರ ನಿಂತಿದ್ದರು.

"ಸಾಕು ಬಾವ. ಕಾಲು ನಂದಲ್ಲ. ಎತ್ಕೊಂಡು ಹೋಗು ನನ್ನ."

ಎತ್ತಿಕೊಳ್ಳೋದು ಎಷ್ಟು ಹೊತ್ತಿನ ಕೆಲಸ? ಟೊಮೇಟೊ ಕ್ರೇಟು ಎತ್ತುವ ಕೈ ಇವು. ಎತ್ತಿದರೆ ಅವಳಿಗೆ ಸುಖ. ಎತ್ತಿದರೆ ಚಿಂತಾಮಣಿ. ನನ್ನ ಕೈ ತಾವಾಗೇ ಮುಂದೆ ಹೋದವು. ಹಿಂದಕ್ಕೆ ಎಳೆದು ಬೆನ್ನ ಹಿಂದೆ ಕಟ್ಟಿಕೊಂಡೆ.

"ಮಾತಾಡ್ಬೋದಾ ಸಾರ್?" ಅಂದೆ.

"ಮಾತಾಡಪ್ಪ. ಮುಟ್ಬೇಡ."

ಮಾತಾಡಿದೆ. ಒಳ್ಳೆಯ ಮಾತಲ್ಲ. "ಕೂತ್ಕೊಳ್ಳೇ, ಚೆನ್ನಾಗಿ ಕೂತ್ಕೋ. ಆ ಲೆಕ್ಚರರ್ ಬೂಟಿಗೆ ಪಾಲಿಶ್ ಹಾಕೋಕೆ ಈಗ್ಲೇ ಅಭ್ಯಾಸ ಮಾಡ್ಕೋ. ನಿಮ್ಮಪ್ಪ ಗೆದ್ದ. ಹೋಗಿ ಸಿಹಿ ಹಂಚ್ತೀನಿ." ಅವಳು ಮಣ್ಣು ಹಿಡಿದು ನನ್ನ ಮುಖಕ್ಕೆ ಎಸೆದಳು. ತಿಂದೆ. ಇನ್ನೂ ಬೈದೆ. ಬೈಯುತ್ತಾ ಬೈಯುತ್ತಾ ನನ್ನ ಕಣ್ಣಲ್ಲೂ ನೀರು ಬಂತು, ಮಣ್ಣು ಬಿದ್ದಿತ್ತಲ್ಲ, ಅದಕ್ಕೆ ಅಂದುಕೊಳ್ಳಲಿ ಅಂತ ಒರೆಸಿಕೊಳ್ಳಲಿಲ್ಲ. ಅವಳು ಮರ ಹಿಡಿದುಕೊಂಡು ಎದ್ದಳು. ಸೈಕಲ್ ಎತ್ತೋಕೆ ಎರಡು ಸಲ ಆಗಲಿಲ್ಲ. ಮೂರನೇ ಸಲಕ್ಕೆ ಎತ್ತಿದಳು.

ಹತ್ತೋಕೆ ಆಗಲಿಲ್ಲ. ತಳ್ಳಿಕೊಂಡು ನಡೆದಳು. ನಾನು ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಡೆದೆ, ಪೊಲೀಸರು ಕರೆದುಕೊಂಡು ಹೋಗುವ ಕಳ್ಳನ ಹಾಗೆ. ಬೈಗುಳ ಖಾಲಿಯಾದ ಮೇಲೆ ಹಳೇ ಕತೆ ಹೇಳಿದೆ. ನಮ್ಮನೆ ಕೋಳಿ ಅವಳ ಜಡೆಗೆ ಕುಕ್ಕಿದ್ದು, ಕೆರೆ ಅಂಗಳದಲ್ಲಿ ನಾನು ಸೀಟು ಬಿಟ್ಟದ್ದು ಗೊತ್ತಾಗದೆ ಅವಳು ತೂಬಿನ ತನಕ ಒಬ್ಬಳೇ ಹೋಗಿದ್ದು.

"ಅವತ್ತು ಯಾಕೆ ಹೇಳ್ಲಿಲ್ಲ, ಬಿಟ್ಟೆ ಅಂತ?" ಅಂದಳು.

"ಹೇಳಿದ್ರೆ ಬೀಳ್ತಿದ್ದೆ."

ಒಂದು ಇಳಿಜಾರಿನಲ್ಲಿ ಅವಳು ಜಾರಿ ಬೋರಲಾಗಿ ಬಿದ್ದಳು, ನನ್ನ ಕಾಲ ಹತ್ತಿರವೇ. ಹೆಬ್ಬೆರಳಿಗೆ ಅವಳ ಕೂದಲು ತಾಕುವಷ್ಟು ಹತ್ತಿರ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅಮರನಾಥ್ ಸಾರ್ ಮುಖ ಆ ಕಡೆ ತಿರುಗಿಸಿಕೊಂಡರು. ಅವರು ನೋಡದಿದ್ದರೂ ನಾನು ಮುಟ್ಟಲಿಲ್ಲ.

ಟೇಕಲ್ಲಿನ ಬಂಡೆಗಳು ಕಂಡಾಗ ಬಿಸಿಲು ಇಳಿದಿತ್ತು. ಅಲ್ಲಿಂದ ದಾರಿ ಸಪಾಟು. ಅವಳು ಸೈಕಲ್ ಹತ್ತಿದಳು.

"ಸಹನ, ಮಾಲೂರಲ್ಲಿ ಹೇಳೋದು ಮರೀಬೇಡ," ಅಂದೆ.

ಅವಳು ತಲೆ ಬಗ್ಗಿಸಿ ಪೆಡಲ್ ತುಳಿದಳು. ಮಾತಾಡೋಕೆ ಉಸಿರಿಲ್ಲ ಪಾಪ ಅಂದುಕೊಂಡೆ.

ಟೇಕಲ್ಲಿನಲ್ಲಿ ಕಾಯುತ್ತಿದ್ದ ಗೋಪಿ ನನ್ನನ್ನು ಹತ್ತಿಸಿಕೊಂಡು ಮಾಲೂರಿಗೆ ಪಿಕಪ್ ಹೊಡೆದ ರಭಸಕ್ಕೆ ಕ್ಯಾನುಗಳೆಲ್ಲ ಉರುಳಾಡಿದವು. ನಾವು ಮುಂಚೆ ತಲುಪಿದೆವು. ಇಟ್ಟಿಗೆ ಗೂಡುಗಳ ಹಿಂದೆ ಸೂರ್ಯ ಕೆಂಪಗೆ ನಿಂತಿದ್ದ. ಮಾವ ಗೇಟಿನ ಹತ್ತಿರ ಗಡಿಯಾರ ನೋಡಿಕೊಳ್ಳುತ್ತಾ ನಿಂತಿದ್ದರು. ಅವಳು ಬಂದಳು. ಮಣ್ಣಿನ ಗೊಂಬೆ ಹಾಗೆ ಬಂದಳು. ಚಪ್ಪಾಳೆ, ಶಿಳ್ಳೆ, ಮೆಡಲು. ಮಾವ ಅಳುತ್ತಿದ್ದರು. ದೇವರಾಣೆ, ಆ ಮನುಷ್ಯ ಅಳುತ್ತಿದ್ದರು, ಮಗಳ ಮಣ್ಣಾದ ತಲೆಯನ್ನು ಎದೆಗೆ ಒತ್ತಿಕೊಂಡು.

"ಗೆದ್ದೆ ಕಣಮ್ಮ. ಕೊಟ್ಟ ಮಾತು ಮಾತೇ. ನೀನು ಹೇಳಿದ್ದೇ ಆಗ್ಲಿ."

ಅಷ್ಟರಲ್ಲಿ ಅಮರನಾಥ್ ಸಾರ್ ಮೈಕು ಹಿಡಿದುಕೊಂಡು ಬಂದರು. "ಇವರ ಜೊತೆ ಬಂದೋರನ್ನ ನೀವೆಲ್ಲ ನೋಡ್ಬೇಕು. ಆ ತೋಪಲ್ಲಿ ಕೈ ಕಟ್ಕೊಂಡು ಜೊತೇಲಿ ನಡೆದ್ರು. ಸಹನ, ನೀವೇ ಹೇಳಿ, ಯಾರು ಇವರು?"

ಹಿಂದಿನ ದಿನ ಬೆಳಿಗ್ಗೆ ನಾನು ನಾಯಿ ಅನ್ನಿಸಿಕೊಂಡದ್ದನ್ನು ನೋಡಿದ ಜನವೇ ಅರ್ಧಕ್ಕರ್ಧ ಅಲ್ಲಿದ್ದರು. ಗೋಪಿ ನನ್ನ ಬೆನ್ನಿಗೆ ಗುದ್ದಿ ಮುಂದೆ ತಳ್ಳಿದ. ನಾನು ಅಂಗಿಯ ಮಣ್ಣು ಕೊಡವಿಕೊಂಡೆ. ಕೂದಲು ಸರಿ ಮಾಡಿಕೊಂಡೆ. ಅದನ್ನು ನೆನೆಸಿಕೊಂಡರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತೆ.

ಸಹನ ಮೈಕು ತೆಗೆದುಕೊಂಡಳು. ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಆಮೇಲೆ ನೆಲ ನೋಡಿದಳು.

"ನಮ್ಮ ಅತ್ತೆ ಮಗ. ಮುನಿ ಅಣ್ಣ."

ಜನ ಚಪ್ಪಾಳೆ ಹೊಡೆದರು. ಬೆಂಗಳೂರಿನವರಿಗೆ ಏನು ಗೊತ್ತು? ಅವರ ಪಾಲಿಗೆ ಹಾಲು ಹಾಕೋನೂ ಅಣ್ಣ, ಆಟೋದವನೂ ಅಣ್ಣ. ಗೋಪಿಗೆ ಗೊತ್ತಾಯಿತು. ಬೆನ್ನ ಮೇಲಿದ್ದ ಕೈ ತೆಗೆದ. ಮಾವನಿಗೂ ಗೊತ್ತಾಯಿತು. ಅವರ ಮುಖದ ಮೇಲಿದ್ದ ಗಂಟು ಒಂದೊಂದಾಗಿ ಬಿಚ್ಚಿತು. ನೆಟ್ಟಗೆ ನನ್ನ ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿದರು. ಈ ಸಲ ತೆಲುಗಲ್ಲಿ, ಮೆತ್ತಗೆ, ಮನೆಯವರ ಹತ್ತಿರ ಮಾತಾಡುವ ಹಾಗೆ.

"ದಾರಾ ಮುನೀ, ಅನ್ನಂ ತಿನೇಸಿ ಪೋ." ಬಾರೋ, ಊಟ ಮಾಡ್ಕೊಂಡು ಹೋಗು.

ಹಿಂದಿನ ದಿನದ ಬೈಗುಳ ಇದಕ್ಕಿಂತ ಎಷ್ಟೋ ವಾಸಿಯಾಗಿತ್ತು. ಅದರಲ್ಲಿ ಅವರಿಗೆ ನನ್ನ ಮೇಲೆ ಭಯವಾದರೂ ಇತ್ತು.

ಹೆಗಲಿಂದ ಅವರ ಕೈ ಇಳಿಸಿ ಪಿಕಪ್ಪಿನ ಹತ್ತಿರ ಹೋದೆ. ಅವಳ ಬ್ಯಾಗು, ಪಂಪು, ಉಂಡೆಯ ಡಬ್ಬಿ, ಎಲ್ಲ ಕೆಳಗಿಟ್ಟೆ. ಸಹನ ಕುಂಟುತ್ತಾ ಹಿಂದೆಯೇ ಬಂದಳು. ಮೆಡಲು ಇನ್ನೂ ಕುತ್ತಿಗೆಯಲ್ಲಿತ್ತು.

"ಬಾವ."

ಈಗ ಯಾರೂ ಹತ್ತಿರ ಇರಲಿಲ್ಲ. ಈಗ ಬಾವ.

"ನಿನ್ ಹೆಸ್ರು ಹೇಳಿದ್ರೆ ನಾಳೆಗೇ ಚಪ್ಪರ ಹಾಕ್ತಿದ್ರು ಬಾವ. ನಂಗೆ ಅದು ಬೇಡ. ಲೆಕ್ಚರರೂ ಬೇಡ, ನೀನೂ... ಯಾರೂ ಬೇಡ. ಆ ತೋಪಲ್ಲಿ ಎದ್ದು ನಿಂತ್ನಲ್ಲ, ಆಗ್ಲೇ ಗೊತ್ತಾಯ್ತು. ನಿಂಗೆ ಅಲ್ಲೇ ಹೇಳ್ಬೇಕು ಅಂದ್ಕೊಂಡೆ. ಹೇಳಿದ್ರೆ ನೀನು ನಿಂತ್ಬಿಡ್ತೀಯೇನೋ ಅಂತ ಹೆದರ್ಕೊಂಡೆ."

ನಾನು ನಿಲ್ಲುತ್ತಿರಲಿಲ್ಲ. ಕೈ ಕಟ್ಟಿಕೊಂಡು ಹಾಗೇ ನಡೆಯುತ್ತಿದ್ದೆ. ಅಷ್ಟೂ ಅವಳಿಗೆ ಗೊತ್ತಿಲ್ಲವಲ್ಲ ಅಂತ ಎದೆ ಉರಿದುಹೋಯಿತು.

"ಕೋಪ ಮಾಡ್ಕೊಂಡಿದೀಯಾ?" ಅವಳ ಬಟ್ಟೆ ಕಟ್ಟಿದ ಅಂಗೈಯಿಂದ ರಕ್ತ ಮತ್ತೆ ಒಸರುತ್ತಿತ್ತು. "ಮುಂದಿನ ವರ್ಷ ಇನ್ನೂ ದೊಡ್ಡದೈತೆ ಅಂತೆ, ಅನಂತಪುರದ ಕಡೆ. ನೀನಿಲ್ದೆ ನನ್ ಕೈಲಿ ಆಗಲ್ಲ. ಬರ್ತೀಯಲ್ವಾ ಬಾವ? ಹೇಳು. ಬರ್ತೀಯಲ್ವಾ?"

ಗೋಪಿ ಸ್ಟೇರಿಂಗ್ ಮುಂದೆ ಕೂತು ಎಂಜಿನ್ ಶುರು ಮಾಡಿದ. ಪಿಕಪ್ ಹತ್ತಲು ಮನಸ್ಸಾಗಲಿಲ್ಲ. ಅದರ ಪಕ್ಕದಿಂದ ದಾಟಿ, ಗೇಟು ದಾಟಿ, ರೈಲ್ವೆ ಸ್ಟೇಷನ್ ರಸ್ತೆ ಹಿಡಿದೆ. ಹಿಂದಿನಿಂದ ಅವಳು ಇನ್ನೊಂದು ಸಲ ಕೂಗಿದಳು. ಎದುರಿಗೆ ಬರುತ್ತಿದ್ದವರು ನನ್ನನ್ನು ಒಂದು ಥರ ನೋಡಿ ಪಕ್ಕಕ್ಕೆ ಸರಿದರು. ಬಹಳ ದೂರ ಹೋದಮೇಲೆ ನೋಡಿಕೊಂಡೆ, ಕೈ ಎರಡೂ ಇನ್ನೂ ಬೆನ್ನ ಹಿಂದೆಯೇ ಇದ್ದವು.