ಮುಗಿಲಿನಿಂದ ಬಿದ್ದ ಕುರ್ಚಿ

ಹೊನ್ನವ್ವನ ಮನೆಯಲ್ಲಿ ಎರಡು ವರ್ಷದಿಂದ ಒಂದೇ ಗೋಳು: ಗಂಡ ಶಂಕರೆಪ್ಪನ ಸೊಂಟ. ಟ್ರ್ಯಾಕ್ಟರಿನ ಸೀಟು ಹರಿದು ಸ್ಪ್ರಿಂಗು ಮೇಲೆದ್ದಿತ್ತು. ಅದರ ಮೇಲೆ ಗೋಣಿಚೀಲ, ಚೀಲದ ಮೇಲೆ ಹಳೇ ಕೌದಿ ಹಾಸಿಕೊಂಡು ಆತ ಹಿಂಗಾರಿ ಬಿತ್ತನೆ ಮಾಡುತ್ತಿದ್ದ. ಮನೆಗೆ ಬಂದೊಡನೆ ನೆಲಕ್ಕೆ ಬೋರಲು ಬಿದ್ದು ನರಳುತ್ತಿದ್ದ. ಬಾಗೇವಾಡಿಗೆ ಹೋಗಿ ಹೊಸ ಸೀಟು ತನ್ನಿ ಎಂದರೆ "ಮುಂದಿನ ವಾರ" ಎನ್ನುತ್ತಿದ್ದ. ಆ ಮುಂದಿನ ವಾರದ ಮುಖವನ್ನು ಹೊನ್ನವ್ವ ಇನ್ನೂ ಕಂಡಿರಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ ಹನ್ನೊಂದರ ಹೊತ್ತಿಗೆ ವಾಯುಪಡೆಯ ಜೆಟ್ ವಿಮಾನವೊಂದು ಇಂಗಳೇಶ್ವರದ ಆಚೆಯ ಕಲ್ಲುಬಯಲಿನಲ್ಲಿ ಬಿತ್ತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡ. ಊರಿಗೆ ಊರೇ ಆ ಕಡೆ ಓಡಿತು, ಪೊಲೀಸರೂ ಅಲ್ಲೇ ಇದ್ದರು. ಎರಡು ಮೈಲಿ ಈಚೆ, ಎರೆಹೊಲದಲ್ಲಿ ಇನ್ನೊಂದು ವಸ್ತು ಬಿದ್ದಿದೆ ಎಂಬುದು ಹೊಲದ ಒಡೆಯರಾದ ಈ ಗಂಡ ಹೆಂಡತಿಗೆ ಮಾತ್ರ ಗೊತ್ತಿತ್ತು.

ಅದು ಪೈಲಟ್ ಕೂಡುವ ಕುರ್ಚಿ. ಹಸಿ ಮಣ್ಣಿನಲ್ಲಿ ಅರ್ಧ ಹೂತು ಒಂದು ಮಗ್ಗುಲಿಗೆ ವಾಲಿತ್ತು. ಬೆನ್ನಿಗೆ ಮೆತ್ತೆ, ಅಗಲವಾದ ಪಟ್ಟಿ, ಗಟ್ಟಿಮುಟ್ಟಾದ ಬಕಲು, ಪಕ್ಕಕ್ಕೆ ಒಂದು ಹಸಿರು ಬಾಟಲಿ. ಶಂಕರೆಪ್ಪ ಅದರ ಸುತ್ತ ಮೂರು ಸುತ್ತು ಬಂದ. ಹೆಣ್ಣು ನೋಡಲು ಬಂದಾಗ ತನ್ನನ್ನೂ ಈ ಮನುಷ್ಯ ಇಷ್ಟು ನೋಡಿರಲಿಲ್ಲ ಎಂದುಕೊಂಡಳು ಹೊನ್ನವ್ವ.

"ನನ್ನ ಟ್ರ್ಯಾಕ್ಟರಿಗೆ ಹೇಳಿ ಮಾಡಿಸಿದಂಗ ಐತಿ ನೋಡ," ಎಂದ.

"ಸರಕಾರದ್ದಲ್ಲೇನ್ರಿ ಅದು?"

"ಸರಕಾರಕ್ಕ ಕುರ್ಚಿಗೇನ ಬರ ಐತಿ? ನಮ್ಮ ಹೊಲದಾಗ ಬಿದ್ದೈತಿ, ನಮ್ಮದು."

ಹೊನ್ನವ್ವ ಹೆಚ್ಚು ವಾದಿಸಲಿಲ್ಲ. ನಿಜ ಹೇಳಬೇಕೆಂದರೆ ಆ ಮೆತ್ತೆ ಕಂಡು ಅವಳಿಗೂ ಆಸೆಯಾಗಿತ್ತು. ಗಂಡನ ನರಳಾಟ ಕೇಳಿ ಕೇಳಿ ಸಾಕಾಗಿತ್ತು. ಹೊಸ ಸಾಮಾನಿಗೆ ಕಾಯಿ ಒಡೆಯದೆ ಅವರ ಮನೆಯಲ್ಲಿ ಬಳಸುವುದಿಲ್ಲ. ಅವಳು ಮನೆಗೆ ಹೋಗಿ ತೆಂಗಿನಕಾಯಿ, ಕುಂಕುಮ, ಕರ್ಪೂರ ತಂದಳು. ಜೊತೆಗೆ ಒಂದು ಬಟ್ಟಲು ಕುಸುಬಿ ಎಣ್ಣೆಯನ್ನೂ ತಂದು, ಅರಿವೆ ಅದ್ದಿ ಕುರ್ಚಿಯ ಲೋಹವನ್ನು ಕೆಳಗಿನಿಂದ ತಿಕ್ಕತೊಡಗಿದಳು. ಮಣ್ಣು ಹೋಗಿ ಫಳಫಳ ಹೊಳೆಯಿತು. ಅಷ್ಟರಲ್ಲಿ ಶಂಕರೆಪ್ಪ ಕುರ್ಚಿಗೆ ಸರಪಳಿ ಸುತ್ತಿ ಟ್ರ್ಯಾಕ್ಟರಿಗೆ ಬಿಗಿದಿದ್ದ. ತಿಕ್ಕುವುದು ಮುಗಿದರೆ ಕರ್ಪೂರ ಹಚ್ಚಿ, ಕಾಯಿ ಒಡೆದು ಎಳೆಯುವುದೊಂದೇ ಬಾಕಿ.

"ಹೊನ್ನಕ್ಕಾ! ಕಡ್ಡಿ ಕೊರಿಬ್ಯಾಡ್ರಿ! ಬಟ್ಟಲಾ ತುಗೊಂಡು ಹಿಂದ ಸರೀರಿ!"

ಬದುವಿನ ಮೇಲೆ ಬೈಕು ಒಗೆದು ಓಡಿ ಬಂದವನು ಇಂಗಳೇಶ್ವರದ ಭೀಮಶ್ಯಾ. ಇಪ್ಪತ್ತು ವರ್ಷ ವಾಯುಪಡೆಯಲ್ಲಿ ವಿಮಾನಗಳ ರಿಪೇರಿ ಮಾಡಿ ನಿವೃತ್ತನಾಗಿ, ಈಗ ತೊಗರಿ ಬೆಳೆಯುತ್ತಿದ್ದಾತ. ವಿಮಾನ ಬಿದ್ದಲ್ಲಿ ಕುರ್ಚಿ ಕಾಣಲಿಲ್ಲವೆಂದು ಹೊಲ ಹೊಲ ಹುಡುಕುತ್ತ ಬಂದಿದ್ದ.

ಶಂಕರೆಪ್ಪನ ಹುಬ್ಬು ಗಂಟಾಯಿತು. "ನೀವು ಬುದ್ಧನ ಮಂದಿ. ನಮ್ಮ ಪೂಜಿ ಕಂಡ್ರ ನಿಮಗ ಆಗಿಬರೂದಿಲ್ಲ. ಅದಕ್ಕ ಅಡ್ಡ ಬರಾಕತ್ತಿ."

ಹೊನ್ನವ್ವನಿಗೆ ನಾಚಿಕೆಯಾಯಿತು. ಭೀಮಶ್ಯಾನ ಮುಖ ಬಿಗಿಯಿತು, ಆದರೆ ಆತ ಜಾಗ ಬಿಡಲಿಲ್ಲ.

"ಪೂಜಿ ಮಾಡ್ರಿ. ನಿಮ್ಮ ಹೊಲಕ್ಕ ಮಾಡ್ರಿ, ನಾನೂ ಪ್ರಸಾದ ತಿಂತೇನಿ. ಇದಕ್ಕ ಬ್ಯಾಡ. ಪೈಲಟನ್ನ ಹೊರಗ ಒಗ್ಯಾಕ ಇದರಾಗ ಮದ್ದಿನ ತೋಟಾ, ಬಂದೂಕಿನಾಗ ಹಾಕತಾರಲ್ಲ ಅಂಥಾವು, ಇರತಾವು. ಎಲ್ಲಾ ಹಾರಿರತಾವು ಅಂತ ಹೇಳಾಕ ಬರೂದಿಲ್ಲ. ಜಗ್ಗಿದ್ರ, ಕಾಯಿ ಕುಟ್ಟಿದ್ರ, ಉಳದದ್ದು ಹಾರಬಹುದು."

"ಆ ಹಸರು ಬಾಟಲಿ ಏನ್ರಿ?" ಹೊನ್ನವ್ವ ಕೇಳಿದಳು.

"ಆಕ್ಸಿಜನ್ನು. ಮ್ಯಾಲೆ ಉಸುರಾಡಾಕ ಗಾಳಿ ಸಾಲೂದಿಲ್ಲ. ಅದಕ್ಕ ಪೈಲಟ್ ಕೂಡು ಜಾಗಾದಾಗ ಗಾಳಿ ತುಂಬಿ ಒತ್ತಿ ಇಟ್ಟಿರತಾರ, ನಿಮ್ಮ ಟ್ರ್ಯಾಕ್ಟರ್ ಗಾಲಿಯಾಗ ಇದ್ದಂಗ. ಇವತ್ತು ಅದ ಸೋರಿತ್ತಂತ. ಸೋರಿದ್ರ ತಲಿ ಮಂಕಾಗತೈತಿ, ಕೈ ಹೇಳಿದಂಗ ಕೇಳೂದಿಲ್ಲ. ಆದರ ಪೈಲಟಗ ತಾ ಆರಾಮ ಅದೇನಿ ಅಂತನ ಅನಸತೈತಿ. ಅಂಥಾ ಹೊತ್ತಿನಾಗ ಬೇಕಂತ ಈ ಬಾಟಲಿ. ಇದು ಸೋರಾಕತ್ತಿದ್ರ, ಅಲ್ಲಿ ಎಣ್ಣಿ ತಾಗಿದ್ರ, ಕಡ್ಡಿ ಕೊರಿಯೂದೂ ಬೇಕಾಗಿಲ್ಲ. ತಾನ ಭಗ್ ಅಂತೈತಿ."

ಹೊನ್ನವ್ವ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿ ಹಿಂದೆ ಸರಿದಳು. ಶಂಕರೆಪ್ಪ ಮಾತ್ರ ಬಗ್ಗಲಿಲ್ಲ.

"ಬಿದ್ದು ನಾಕು ತಾಸಾತು. ಏನರೆ ಆಗೂದಿದ್ರ ಬಿದ್ದಾಗ ಆಗತಿತ್ತು. ನಿಂತ ಸಾಮಾನು ಏನ ಮಾಡತೈತಿ?"

ಭೀಮಶ್ಯಾ ಹೇಳಿದ:

"ನಿಂತ ವಿಮಾನನೂ ಹೊಡೀತೈತಿ, ಶಂಕರೆಪ್ಪಾ. ನಮ್ಮಲ್ಲಿ ವಿಮಾನ ತೊಳಿಯೂ ಮುಂದ, ನೀರ ಹೋಗಬಾರದು ಅಂತ ಗಾಳಿ ಹೋಗು ತೂತಿಗೆ ಟೇಪು ಹಚ್ತಿದ್ವಿ. ತೊಳದಮ್ಯಾಲೆ ಎಣಿಸಿ ತೆಗೀಬೇಕು. ಒಂದಿನ ಊಟದ ಹೊತ್ತಾಗಿತ್ತು. ಒಂದು ಟೇಪು ಉಳೀತು. ಎಂಜಿನ್ ಚಾಲೂ ಮಾಡಿದ್ರು, ಒಳಗ ಗಾಳಿ ತುಂಬಿತು, ಹೊರಗ ಹೋಗಾಕ ದಾರಿ ಇಲ್ಲ. ನನ್ನ ಗೆಳೆಯಾ ಇಜಾಜ, ಸಿಂದಗಿಯಾಂವ, ಏಣಿ ಹತ್ತಿದಾ. ಒಳಗ ಒತ್ತಡ ಎಷ್ಟೈತಿ ನೋಡದ ಹಿಡಿಕಿ ಜಗ್ಗಿದಾ. ಪೈಲಟನ ತಲಿಮ್ಯಾಲಿನ ಗಾಜಿನ ಮುಚ್ಚಳ ಸಿಡದು ಅವನ್ನ ನೆಲಕ್ಕ ಒಗೀತು. ಇವತ್ತಿಗೂ ಬಲಗೈಲೆ ತುತ್ತು ಎತ್ತಾಕ ಬರೂದಿಲ್ಲ."

ಹೊನ್ನವ್ವ ಮೆಲ್ಲಗೆ ಕೇಳಿದಳು: "ಟೇಪು ತೆಗೀಲಾರದ ಬಿಟ್ಟಾಂವ ಯಾರ್ರಿ?"

"ಹಚ್ಚಿದಾಂವನೂ ನಾನ. ಮರತಾಂವನೂ ನಾನ."

ತನ್ನ ತಪ್ಪನ್ನು ಪರರ ಹೊಲದಲ್ಲಿ ನಿಂತು ಹೀಗೆ ಒಪ್ಪಿಕೊಳ್ಳುವ ಗಂಡಸನ್ನು ಶಂಕರೆಪ್ಪ ಅಲ್ಲಿಯವರೆಗೆ ಕಂಡಿರಲಿಲ್ಲ. ಸರಪಳಿ ಬಿಚ್ಚಲು ಬಾಗಿದ.

"ಅದನ್ನೂ ಮುಟ್ಟಬ್ಯಾಡ್ರಿ. ಟ್ರ್ಯಾಕ್ಟರ್ ಇಲ್ಲೇ ಬಿಡ್ರಿ."

"ಮಣ್ಣು ಆರತೈತಲ್ಲೋ. ನಾಳೆ ಬಿತ್ತೂದಿತ್ತು."

"ಬಿತ್ತಾಕ ನೀ ಇರಬೇಕಲ್ಲ?"

ಮೂವರೂ ನಡೆದು ಮುನ್ನೂರು ಹೆಜ್ಜೆ ಆಚೆಯ ಬದುವಿಗೆ ಹೋದರು. ಭೀಮಶ್ಯಾ ೧೧೨ಕ್ಕೆ ಫೋನು ಮಾಡಿದ. ಸುದ್ದಿ ತಿಳಿದು ಫೋಟೋ ತೆಗೆಯಲು ಬಂದವರನ್ನು ಶಂಕರೆಪ್ಪನೇ ಅಡ್ಡನಿಂತು ಗದರಿಸಿದ. ಪೊಲೀಸರು ಬಂದು ಕಾವಲು ನಿಲ್ಲುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.

ಮರುದಿನ ವಾಯುಪಡೆಯವರು ಬಂದು ಕುರ್ಚಿ ಸಿಡಿಯದಂತೆ ಪಿನ್ನು ಹಾಕಿ, ಮದ್ದು ತೆಗೆದು, ಸರಪಳಿ ಬಿಚ್ಚಿದರು. ಒಂದು ತೋಟಾ ಹಾರದೆ ಹಾಗೇ ಉಳಿದಿತ್ತು. ಬಾಟಲಿಯ ಮೂತಿಯೂ ಸಣ್ಣಗೆ ಸೋರುತ್ತಿತ್ತಂತೆ. ಅವರಲ್ಲೊಬ್ಬ ಹುಡುಗಿ ಬದುವಿಗೆ ಬಂದು, ಎಣ್ಣೆ ಹಚ್ಚಿದವರು ಯಾರು ಎಂದು ಹಿಂದಿಯಲ್ಲಿ ಕೇಳಿದಳು. ಭೀಮಶ್ಯಾ ಕನ್ನಡದಲ್ಲಿ ಹೇಳಿದ. ಹೊನ್ನವ್ವ ಕೈ ಎತ್ತಿದಳು.

ಆ ಹುಡುಗಿ ಬೈಯಲಿಲ್ಲ. ಹೆಬ್ಬೆರಳು, ಕಿರುಬೆರಳು ಅಗಲಿಸಿ ಒಂದು ಗೇಣು ತೋರಿಸಿದಳು. ಎಣ್ಣೆಯ ಗುರುತಿಗೂ ಬಾಟಲಿಯ ಮೂತಿಗೂ ನಡುವೆ ಇದ್ದದ್ದು ಅಷ್ಟೇ.

ಹಿಂದಿನ ದಿನ ಭೀಮಶ್ಯಾ ಕೂಗಿದಾಗ ಹೊನ್ನವ್ವ ಅರಿವೆಯನ್ನು ಮತ್ತೆ ಎಣ್ಣೆಯಲ್ಲಿ ಅದ್ದಿದ್ದಳು. ಆ ಅರಿವೆ ಹೋಗಬೇಕಾಗಿದ್ದದ್ದು ಅದೇ ಗೇಣಿಗೆ.

ಅಂದೇ ಶಂಕರೆಪ್ಪ ಬಾಗೇವಾಡಿಗೆ ಹೋಗಿ ಸೀಟು ತಂದ. ಆತನ "ಮುಂದಿನ ವಾರ" ಕೊನೆಗೂ ಬಂತು. ಉಳಿದಿದ್ದ ಕಾಯಿಯನ್ನು ಬದುವಿನ ಕಲ್ಲಿಗೆ ಒಡೆದು ಮೊದಲ ಹೋಳನ್ನು ಭೀಮಶ್ಯಾನ ಕೈಗೆ ಕೊಟ್ಟು, "ನಿನ್ನೆ ತಪ್ಪ ಮಾತಾಡಿದೆ," ಎಂದ. ಭೀಮಶ್ಯಾ ತಿಂದ.

ಇಂಡಿ ತಾಲೂಕಿನ ದ್ರಾಕ್ಷಿ ತೋಟದವರೇ, ಸಿಂದಗಿಯ ತೊಗರಿ ಹೊಲದವರೇ, ಮುದ್ದೇಬಿಹಾಳದ ಹೊಳೆದಂಡೆಯವರೇ, ಬಾಗೇವಾಡಿಯ ಅಕ್ಕ ಅಣ್ಣಂದಿರೇ, ವಿಮಾನದ ಯಾವುದೇ ತುಂಡು ನಿಮ್ಮ ನೆಲದಲ್ಲಿ ಬಿದ್ದರೆ ಮುಟ್ಟಬೇಡಿ, ಎಳೆಯಬೇಡಿ. ಬೆಂಕಿ, ಬೀಡಿ, ಎಣ್ಣೆ ಹತ್ತಿರ ಒಯ್ಯಬೇಡಿ. ಹೊಗೆ ಬರುವ ದಿಕ್ಕಿಗೆ ನಿಲ್ಲಬೇಡಿ. ಪೈಲಟ್ ಸಿಕ್ಕರೆ ನೆಲಕ್ಕೆ ಸಮನಾಗಿ ಮಲಗಿಸಿ. ಕೈಕಾಲು ನೋವೆಂದರೆ, ಅದು ಗಾಳಿಯ ಒತ್ತಡ ಇಳಿದದ್ದರ ನೋವಿರಬಹುದು, ತಿಕ್ಕಬೇಡಿ, ಜಗ್ಗಬೇಡಿ. ನಗುತ್ತ "ಆರಾಮ ಅದೇನಿ" ಎಂದರೂ ಎದ್ದು ಓಡಾಡಲು ಬಿಡಬೇಡಿ. ಕೂಡಲೇ ೧೧೨ಕ್ಕೆ ಫೋನು ಮಾಡಿ.

ನಿಮ್ಮ ಹೊಲದಲ್ಲಿ ಭೀಮಶ್ಯಾ ಹೊತ್ತಿಗೆ ಸರಿಯಾಗಿ ಬರದೆ ಇರಬಹುದು. ಗೇಣಿನ ಮೇಲೆ ಜೀವ ಇಡಬೇಡಿ, ಮುನ್ನೂರು ಹೆಜ್ಜೆ ಹಿಂದೆ ಸರಿಯಿರಿ.