ಶಾಬ್ರಿಯೆಯ ಅದೃಷ್ಟದ ಕೈ

ಅಪ್ಪನ ಮೇಜಿನ ಖಾನೆ ಎಳೆದೊಡನೆ ಅರಗು ಮತ್ತು ಹಳೆಯ ನಶ್ಯದ ವಾಸನೆ ಮುಖಕ್ಕೆ ಬಡಿಯಿತು. ಚಿಕ್ಕಂದಿನಲ್ಲಿ ಓದಿಲ್‌ಗೆ ಆ ವಾಸನೆಯೆಂದರೆ ಅಪ್ಪನೇ. ಅವನು ತೀರಿಕೊಂಡ ಮೇಲೆ ಅವಳು ಒಮ್ಮೆ ಓದಿ ಮಡಿಸಿಟ್ಟಿದ್ದ ನೋಟರಿಯ ಕಾಗದ ತಳದಲ್ಲಿ ಹಾಗೆಯೇ ಇತ್ತು.

ಊರಿಗೆ ಅಪ್ಪ, ಅಂದರೆ ಶಾಬ್ರಿಯೆ, ಮಹಾ ಅದೃಷ್ಟವಂತ. ಚಕ್ರವರ್ತಿ ನೆಪೋಲಿಯನ್ನನ ಸೈನ್ಯಕ್ಕೆ ಚೀಟಿ ಎತ್ತಿದಾಗ ದೊಡ್ಡ ನಂಬರು ಬಂದು ಉಳಿದುಕೊಂಡೆ ಎಂದು, ಬೆಟ್ಟದಾಚೆಯಿಂದ ಇಲ್ಲಿಗೆ ಬಂದು ನೆಲೆಸಿದಾಗ ಹೇಳಿಕೊಂಡಿದ್ದ. ಅಂದಿನಿಂದ ಪ್ರತಿವರ್ಷ ಚೀಟಿ ಎತ್ತುವ ದಿನ ತಾಯಂದಿರು ಗಂಡುಮಕ್ಕಳನ್ನು ಕರೆತಂದು ಅವನ ಬಲಗೈ ಮುಟ್ಟಿಸುತ್ತಿದ್ದರು. ಅವನು ಬೇಡವೆನ್ನಲಿಲ್ಲ.

ಕಾಗದ ಹೇಳುವುದೇ ಬೇರೆ. ಅಪ್ಪನಿಗೆ ಬಂದದ್ದು ಸೈನ್ಯಕ್ಕೆ ಹೋಗಲೇಬೇಕಾದ ಚಿಕ್ಕ ನಂಬರು. ಉಳ್ಳವರು ಹಣ ಕೊಟ್ಟು ಬದಲಿ ಆಳನ್ನು ಕಳಿಸಬಹುದಿತ್ತು. ಅವನ ಬದಲಿಗೆ ಹೋದವನು, ಈಗ ಇದೇ ಊರಿನಲ್ಲಿ ಬುಟ್ಟಿ ಹೆಣೆಯುವ ಮುದುಕ ಅನ್ಸೆಲ್ಮ್.

ಈಗ ಹಳೆಯ ಸೈನಿಕರಿಗೆಲ್ಲ ಕಂಚಿನ ಪದಕ ಬರುವುದಿತ್ತು. ಹೆಸರಿನ ಪಟ್ಟಿ ಇಂದು ಮಧ್ಯಾಹ್ನವೇ ಪಟ್ಟಣಕ್ಕೆ ಹೊರಡಬೇಕು. ಓದಿಲ್ ಮೇಯರ್ ಕಚೇರಿ ಮುಟ್ಟುವಷ್ಟರಲ್ಲಿ ಪಟ್ಟಿ ಬರೆಯುತ್ತಿದ್ದ ಶಾಲೆಯ ಮೇಷ್ಟ್ರ ಎದುರು ಅನ್ಸೆಲ್ಮ್ ಕೋಲೂರಿ ನಿಂತಿದ್ದ.

"ನನ್ನ ಸೈನ್ಯದ ಕಾಗದ ರಷ್ಯಾದಲ್ಲಿ ನದಿಗೆ ಬಿತ್ತು ಸ್ವಾಮಿ. ವಾಪಸ್ ಹೋಗಿ ಹುಡುಕ್ಕೊಂಡು ಬರ್ಲಾ?"

"ನದೀನ ಸಾಕ್ಷಿಗೆ ಕರೆಸೋಕಾಗಲ್ಲ ತಾತ."

ಬಾಗಿಲಿಗೆ ಒರಗಿದ್ದ ಕಮ್ಮಾರ ಗಾಸ್ಪಾರ್ ನಕ್ಕ. "ಕುರಿ ಕಾಯೋವಾಗ ಹಿಮಕ್ಕೆ ಕಾಲ್ಬೆರಳು ಹೋಗಿರತ್ತೆ. ಅಜ್ಜ ರಷ್ಯಾ ಅಂತಾನೆ! ನಾಳೆ ಚಕ್ರವರ್ತೀನ ಹೆಗಲ ಮೇಲೆ ಹೊತ್ತಿದ್ದೆ ಅಂತಾನೆ, ನೋಡ್ತಿರಿ."

"ಪದಕ ಹಾಳಾಗ್ಲಿ," ಎಂದ ಅನ್ಸೆಲ್ಮ್. "ಇವನು ಸುಳ್ಳ ಅಲ್ಲ ಅಂತ ಬರೀರಿ ಮೇಷ್ಟ್ರೇ, ಸಾಕು."

ಓದಿಲ್ ಕಾಗದವನ್ನು ಮೇಜಿನ ಮೇಲಿಟ್ಟಳು. ಮೇಷ್ಟ್ರು ಎರಡು ಸಾಲು ಗಟ್ಟಿಯಾಗಿ ಓದಿ ಥಟ್ಟನೆ ನಿಲ್ಲಿಸಿದರು.

"ಇದನ್ನ ಲಗತ್ತಿಸಿದ್ರೆ ಊರಿಗೆಲ್ಲ ಗೊತ್ತಾಗತ್ತಮ್ಮ. ನಿಮ್ಮಪ್ಪನ ಹೆಸರು..."

"ಬೇಡ ಕಣಮ್ಮ," ಅನ್ಸೆಲ್ಮ್ ಕಾಗದದತ್ತ ಕೈ ಚಾಚಿದ. "ಎತ್ತಿಟ್ಕೋ."

ಓದಿಲ್ ಕಾಗದದ ಮೇಲೆ ಅಂಗೈ ಒತ್ತಿ ಹಿಡಿದಳು. "ಗಟ್ಟಿಯಾಗೇ ಓದಿ ಮೇಷ್ಟ್ರೇ. ಗಾಸ್ಪಾರ್‌ಗೂ ಕೇಳಿಸ್ಲಿ."

ಓದು ಮುಗಿದಾಗ ಗಾಸ್ಪಾರ್ ಟೋಪಿ ತೆಗೆದು, ಮುದುಕನಿಗೆ ಕುರ್ಚಿ ಎಳೆದು ಕೊಟ್ಟ. ಮೇಷ್ಟ್ರು ಲೇಖನಿಯನ್ನು ಶಾಯಿಗೆ ಅದ್ದಿದರು.

ಹೊರಗೆ ಬಂದು ಓದಿಲ್ ಮತ್ತು ಅನ್ಸೆಲ್ಮ್ ಅವನ ಗುಡಿಸಲಿನ ಹಾದಿ ಹಿಡಿದರು.

"ಇಷ್ಟು ಜನ ಆಡ್ಕೊಂಡು ನಕ್ಕರೂ ಅಪ್ಪನ ವಿಷಯ ಬಾಯಿ ಬಿಡ್ಲಿಲ್ವಲ್ಲ ಅಜ್ಜ, ಯಾಕೆ?"

"ಹೆದರಿದ ಹುಡುಗ್ರು ನಿಮ್ಮಪ್ಪನ ಆ ಕೈ ಮುಟ್ಟಿ ನಗ್ತಾ ಹೋಗ್ತಿದ್ರು. ರಷ್ಯಾದಲ್ಲಿ ನಮಗೆ ಮುಟ್ಟೋಕೆ ಅಂಥದ್ದೊಂದೂ ಇರ್ಲಿಲ್ಲ, ಮಗಳೇ."

"ನೀವು ಹೋಗ್ದೇ ಇದ್ದಿದ್ರೆ ನಾನೇ ಇರ್ತಿರ್ಲಿಲ್ಲ."

ಅವನು ಅವಳ ಮುಖ ನೋಡಿದ. "ಬೆಳಗಿಂದ ಏನಾದ್ರೂ ತಿಂದ್ಯಾ?"

ಒಲೆಯ ಮೇಲೆ ಎಲೆಕೋಸಿನ ಸಾರು ಬೆಚ್ಚಗಿತ್ತು. ಮನೆಯಲ್ಲಿದ್ದ ಒಂದೇ ಬೋಗುಣಿಗೆ ಸಾರು ಬಗ್ಗಿಸಿ, ಅದಕ್ಕೆ ಗಟ್ಟಿ ರೊಟ್ಟಿ ಮುರಿದು ಹಾಕಿದ. ಚಮಚವನ್ನು ಅಂಗಿಯ ತೋಳಿಗೆ ಒರೆಸಿ, ಬೋಗುಣಿಯ ಜೊತೆಗೆ ಅವಳ ಕೈಗೆ ಕೊಟ್ಟ.